ಕಸಕ್ಕೆ ನಮ್ಮ ವಾರ್ಡಿನಲ್ಲೇ ಜಾಗ ಕೊಡೋಣ

ಒಣ ಕಸ ಎತ್ತುವ ದಿನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬೆಂಗಳೂರಿನ ಯಾವುದಾದರೂ ಹಳೆಯ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರದ ಮುಂದೆ ನಿಂತು ನೋಡಬೇಕು. ಆಟೋ ಟಿಪ್ಪರ್‌ಗಳು ಒಂದರ ಬೆನ್ನಿಗೊಂದು ಬಂದು ಸುರಿದು ಹೋಗುತ್ತವೆ. ಶೆಡ್ ತುಂಬುತ್ತದೆ, ಅಂಗಳ ತುಂಬುತ್ತದೆ, ಆಮೇಲೆ ಮೂಟೆಗಳು ಗೇಟು ದಾಟಿ ಫುಟ್‌ಪಾತಿಗೆ ಬರುತ್ತವೆ. ಎದುರು ಮನೆಯವರು ಮೊಬೈಲಿನಲ್ಲಿ ಫೋಟೊ ಹಿಡಿದು ದೂರು ಕಳಿಸುತ್ತಾರೆ. ಅಧಿಕಾರಿ ಬಂದು ಕೇಂದ್ರ ನಡೆಸುವವರನ್ನು ಗದರುತ್ತಾರೆ. ಬೈಸಿಕೊಂಡವರು ಹೊರಗಿನ ಮೂಟೆಗಳನ್ನೂ ಒಳಗೆ ಎಳೆದು ಛಾವಣಿಯವರೆಗೆ ಒಟ್ಟುತ್ತಾರೆ. ಆ ರಾಶಿಯ ಬುಡದಲ್ಲೇ ಕೂತು ಕಸ ಬೇರ್ಪಡಿಸುವ ಹೆಂಗಸರಿಗೆ ಕಾಲು ನೀಡುವಷ್ಟೂ ಜಾಗ ಉಳಿಯುವುದಿಲ್ಲ.

ಈ ಕೇಂದ್ರವನ್ನು ದೊಡ್ಡದು ಮಾಡಬೇಕು. ಇದೇ ವಾರ್ಡಿನಲ್ಲಿ, ಸಾಧ್ಯವಾದರೆ ಇದೇ ಜಾಗದಲ್ಲಿ. ಹೀಗೆಂದ ಕೂಡಲೇ ಬಡಾವಣೆಯ ಸಭೆಯಲ್ಲಿ ಯಾವ ಉತ್ತರ ಬರುತ್ತದೆಂದು ಇಂಥ ಸಭೆಗಳಿಗೆ ಹೋದವರಿಗೆಲ್ಲ ಗೊತ್ತು: ‘ಇರೋದನ್ನೇ ತೆಗೀರಿ ಅಂತ ನಾವು ಕೇಳ್ತಿದ್ರೆ, ನೀವು ಇನ್ನೂ ದೊಡ್ಡದು ಮಾಡ್ತೀವಿ ಅಂತೀರಲ್ಲ ಸಾರ್!’ ಈ ಸಿಟ್ಟಿಗೆ ಕಾರಣಗಳಿವೆ, ಅವನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಶೆಡ್ಡಿನೊಳಗೆ ಏನು ನಡೆಯುತ್ತದೆ, ಜಾಗ ಯಾಕೆ ಸಾಲುವುದಿಲ್ಲ ಎಂಬುದು ಅರ್ಥವಾಗಬೇಕು.

ನಗರದಲ್ಲಿ ದಿನಕ್ಕೆ 4 ಸಾವಿರ ಟನ್‌ಗೂ ಹೆಚ್ಚು ಕಸ ಹುಟ್ಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿ ಕಸ. ಒಣ ಕಸದ ತೂಕ ಕಡಿಮೆ, ಆದರೆ ಅದು ತಿನ್ನುವ ಜಾಗ ವಿಪರೀತ. ಥರ್ಮಾಕೋಲಿನಲ್ಲಿ ಶೇ 95ಕ್ಕೂ ಹೆಚ್ಚು ಭಾಗ ಗಾಳಿ. ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ, ಮಡಿಸದೆ ಎಸೆದ ರಟ್ಟಿನ ಡಬ್ಬ, ಉಬ್ಬಿದ ಚಿಪ್ಸ್ ಪೊಟ್ಟಣ ಎಲ್ಲವೂ ಹಾಗೆಯೇ. ನಮ್ಮ ಆಡಳಿತ ಮಾತ್ರ ಕಸವನ್ನು ಟನ್ನಿನಲ್ಲಿ ಅಳೆಯುತ್ತದೆ. ‘ಈ ವಾರ್ಡಿನಲ್ಲಿ ಒಣ ಕಸ ಎರಡೇ ಟನ್, ಇಷ್ಟು ಶೆಡ್ ಸಾಕು’ ಎಂದು ಕಡತದಲ್ಲಿ ಬರೆದವರು, ಆ ಎರಡು ಟನ್ ಅಮುಕುವ ಮೊದಲು ಎಷ್ಟು ಎತ್ತರದ ಗುಡ್ಡೆಯಾಗುತ್ತದೆ ಎಂದು ನೋಡಿರುವುದಿಲ್ಲ. ಜತೆಗೆ ಬಹಳಷ್ಟು ಕಡೆ ಒಣ ಕಸ ಎತ್ತುವುದು ವಾರಕ್ಕೆ ಎರಡು ದಿನ. ಬರುವುದು ಎರಡು ದಿನದಲ್ಲಿ, ಬೇರ್ಪಡಿಸುವುದು ಆರು ದಿನ. ಸರಾಸರಿ ಲೆಕ್ಕ ಹಾಕಿ ಕಟ್ಟಿದ ಶೆಡ್ಡು ಆ ಎರಡು ದಿನ ಸೋತೇ ಸೋಲುತ್ತದೆ. ದೀಪಾವಳಿ ಬಂತೆಂದರೆ ಮಿಠಾಯಿ ಡಬ್ಬ, ಉಡುಗೊರೆಯ ರಟ್ಟು, ಆನ್‌ಲೈನ್ ಅಂಗಡಿಗಳ ಪಾರ್ಸಲ್ ಪೆಟ್ಟಿಗೆಗಳು ಸೇರಿ ತಿಂಗಳುಗಟ್ಟಲೆ ಉಸಿರಾಡಲು ಬಿಡುವುದಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಮನೆಯಲ್ಲಿ ಬೆಲೆ ಬಾಳುವ ಒಣ ಕಸ ಈ ಕೇಂದ್ರಕ್ಕೆ ಹೆಚ್ಚಾಗಿ ಬರುವುದೇ ಇಲ್ಲ. ದಿನಪತ್ರಿಕೆ ರದ್ದಿ ಅಂಗಡಿಗೆ ಹೋಗುತ್ತದೆ. ಹಾಲಿನ ಕವರ್ ತೊಳೆದಿಟ್ಟು ಮಾರುವ ಮನೆಗಳಿವೆ. ಕಬ್ಬಿಣ, ತಾಮ್ರ, ಹಿತ್ತಾಳೆ ಗುಜರಿಯವರ ಪಾಲು. ಅಷ್ಟೆಲ್ಲ ಜರಡಿ ದಾಟಿ ಕೇಂದ್ರಕ್ಕೆ ಬರುವುದು ಬಹುಪಾಲು ಕಡಿಮೆ ಬೆಲೆಯ ಸಾಮಾನು: ತೆಳು ಪ್ಲಾಸ್ಟಿಕ್, ಬಿಸ್ಕತ್ತು ಚಿಪ್ಸ್‌ಗಳ ಪದರ ಪದರದ ಪೊಟ್ಟಣ, ಹರಿದ ಚಪ್ಪಲಿ, ಹಳೆ ಬಟ್ಟೆ, ಒಡೆದ ಆಟಿಕೆ. ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಅಂಟಿರುತ್ತದೆ, ಬಿಡಿಸಿ ಮರುಬಳಕೆ ಮಾಡುವುದು ಅಗ್ಗವಲ್ಲ. ಅದನ್ನು ಒತ್ತಿ ಬೇಲ್ ಕಟ್ಟಿ, ಲಾರಿ ತುಂಬುವಷ್ಟಾದ ಮೇಲೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗಿ ಕಳಿಸಬೇಕು. ಅರ್ಧ ಲಾರಿ ಸರಕಿಗೆ ಪೂರ್ತಿ ಲಾರಿಯ ಬಾಡಿಗೆ ಯಾರು ಕೊಟ್ಟಾರು? ಹಾಗಾಗಿ ಅದು ವಾರಗಟ್ಟಲೆ ಕಾಯುತ್ತದೆ, ಕಾಯುತ್ತಾ ಜಾಗ ತಿನ್ನುತ್ತದೆ.

ಬೆಲೆ ಇರುವ ಸಾಮಾನಿನ ಕಥೆಯೂ ಇದೇ. ಬೇಲಿಂಗ್ ಯಂತ್ರ, ತೂಕದ ಕಟ್ಟೆ, ದಾಸ್ತಾನಿಗೆ ಮೂಲೆ ಇದ್ದ ಕೇಂದ್ರ ಪೆಟ್ ಬಾಟಲಿಯನ್ನು ಟನ್‌ಗಟ್ಟಲೆ ಕೂಡಿಟ್ಟು ನೇರವಾಗಿ ಮರುಬಳಕೆ ಘಟಕಕ್ಕೆ ಮಾರಬಹುದು. ಜಾಗ ಇಲ್ಲದ ಕೇಂದ್ರ ಎರಡು ದಿನಕ್ಕೊಮ್ಮೆ ಸಿಕ್ಕ ಮಧ್ಯವರ್ತಿಗೆ, ಅವನು ಹೇಳಿದ ದರಕ್ಕೆ ಒಪ್ಪಿಸಬೇಕು. ಗೋದಾಮಿಲ್ಲದ ರೈತ ಕಟಾವಿನ ದಿನವೇ ಬೆಳೆ ಮಾರಿ ಕೈ ಸುಟ್ಟುಕೊಳ್ಳುವ ಹಾಗೆಯೇ ಇದು. ನಾಯಂಡಹಳ್ಳಿಯ ಪ್ಲಾಸ್ಟಿಕ್ ಘಟಕಗಳು, ಜಾಲಿ ಮೊಹಲ್ಲಾದ ಗುಜರಿ ಮಂಡಿಗಳು ಇರುವ ಈ ನಗರದಲ್ಲಿ ಕೊಳ್ಳುವವರಿಗೆ ಬರವಿಲ್ಲ. ಬರ ಇರುವುದು ಕೊಳ್ಳುವವರು ಬರುವವರೆಗೆ ಸರಕು ಇಟ್ಟುಕೊಳ್ಳುವ ನೆಲಕ್ಕೆ. ವಿಸ್ತರಣೆ ಎಂದಾಗ ನಾನು ಮೊದಲು ನೋಡುವುದು ಈ ಲೆಕ್ಕವನ್ನು. ಶೆಡ್ಡಿಗೆ ಸೇರುವ ಒಂದೊಂದು ಚದರ ಅಡಿಯೂ ಅಲ್ಲಿ ದುಡಿಯುವವರ ಕೂಲಿಗೆ ಸೇರುವ ಹಣ.

ದುಡಿಯುವವರು ಯಾರೆಂದು ನೆನಪಿರಲಿ. ಬೆಂಗಳೂರಿನ ಹಲವು ಕೇಂದ್ರಗಳನ್ನು ನಡೆಸುತ್ತಿರುವುದು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ಹಸಿರು ದಳದಂಥ ಸಂಘಟನೆಗಳು ಅವರ ಬೆನ್ನಿಗೆ ನಿಂತವು. ಬೆಳಗಿನ ಜಾವ ನಾಯಿ ಮತ್ತು ಪೊಲೀಸರಿಬ್ಬರಿಗೂ ಹೆದರಿ ತೊಟ್ಟಿ ಕೆದಕುತ್ತಿದ್ದ ಜನ ಈಗ ರಿಜಿಸ್ಟರ್ ಬರೆಯುತ್ತಾರೆ, ಬಿಲ್ ಕೊಡುತ್ತಾರೆ, ನಾಲ್ಕಾರು ಮಂದಿಗೆ ಕೆಲಸ ಕೊಡುತ್ತಾರೆ. ಈ ನಗರ ಕಸದ ವಿಷಯದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಕೆಲಸ ಇದು. ಆ ಹೆಮ್ಮೆ ಉಳಿಯಬೇಕಾದರೆ ಅವರ ಕೆಲಸದ ಜಾಗವೂ ಮರ್ಯಾದಸ್ತವಾಗಿರಬೇಕು.

ಈ ಕೇಂದ್ರಗಳು ಹುಟ್ಟಿದ್ದು ಹಳ್ಳಿಗಳ ಸಂಕಟದಿಂದ. ಅದನ್ನು ನಗರ ಬೇಗ ಮರೆತುಬಿಟ್ಟಿದೆ. ವರ್ಷಗಟ್ಟಲೆ ನಮ್ಮೆಲ್ಲರ ಬೆರಕೆ ಕಸ ಯಲಹಂಕದಾಚೆಯ ಮಾವಳ್ಳಿಪುರಕ್ಕೂ ಹಳೆ ಮದ್ರಾಸ್ ರಸ್ತೆ ಕಡೆಯ ಮಂಡೂರಿಗೂ ಹೋಗುತ್ತಿತ್ತು. ಬಾವಿ ನೀರು ಕೆಟ್ಟಿತು, ನೊಣದ ಕಾಟಕ್ಕೆ ಊಟ ಮಾಡುವುದು ಕಷ್ಟವಾಯಿತು, ಆ ಊರುಗಳಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು. ಬೀದಿಬೀದಿಯಲ್ಲಿ ಕಸ ಕೊಳೆತು, ‘ಉದ್ಯಾನ ನಗರಿ’ಯ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಆ ವರ್ಷದ ಅಕ್ಟೋಬರ್‌ನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು, ವಾರ್ಡಿಗೊಂದು ಒಣ ಕಸ ಕೇಂದ್ರ ಎಂಬ ತೀರ್ಮಾನವಾಯಿತು. ಮಂಡೂರಿನವರು 2014ರ ಜೂನ್‌ನಲ್ಲಿ ರಸ್ತೆಗೆ ಬಂದರು. ಆ ನವೆಂಬರ್ ಮುಗಿಯುವುದರೊಳಗೆ ಕಸ ಸುರಿಯುವುದು ನಿಲ್ಲಿಸುತ್ತೇವೆ ಎಂಬ ಮಾತನ್ನು ಸರ್ಕಾರದಿಂದ ಪಡೆದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶ ಕೊಟ್ಟಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡು ಡೈಪರ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ.

ಮಂಡೂರು ನಿಂತಿತು, ಸುರಿಯುವುದು ನಿಲ್ಲಲಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳಿಗೆ ಲಾರಿಗಳು ತಿರುಗಿದವು. ನಮ್ಮ ವಾರ್ಡಿನ ಶೆಡ್ಡಿನಲ್ಲಿ ಜಾಗ ಇಲ್ಲದೆ ಬೆರಕೆಯಾಗಿ ಹೋದ ಪ್ರತಿ ಮೂಟೆಗೂ ಯಾವುದೋ ಊರಿನವರು ಜಾಗ ಮಾಡಿಕೊಡಬೇಕಾಗುತ್ತದೆ. ‘ನಮ್ಮ ಬೀದಿಯಲ್ಲಿ ಬೇಡ’ ಎಂದಾಗ ಕಸ ಮಾಯವಾಗುವುದಿಲ್ಲ. ಅಲ್ಲಿಗೆ ಹೋಗುತ್ತದೆ.

ಈಗ ಆ ಸಿಟ್ಟಿನ ವಿಷಯ. ವಿಸ್ತರಣೆ ಎಂಬ ಮಾತು ಕೇಳಿದ ಕೂಡಲೇ ಬೆಂಗಳೂರಿನವರಿಗೆ ನೆನಪಾಗುವುದು ಕೂಡ್ಲು ಬಳಿಯ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಘಟಕ. ಅದು ಶುರುವಾದದ್ದು 1975ರಲ್ಲಿ. ಆಗ ಸುತ್ತ ಬಯಲು, ಪಕ್ಕದಲ್ಲಿ ಸೋಮಸುಂದರಪಾಳ್ಯದ ಕೆರೆ. ಆಮೇಲೆ ಎಚ್‌ಎಸ್‌ಆರ್ ಬಡಾವಣೆ ಬೆಳೆದು, ಅಪಾರ್ಟ್‌ಮೆಂಟುಗಳು ಗೋಡೆಯವರೆಗೆ ಬಂದವು. ಮನೆ ಕೊಂಡವರಿಗೆ ಘಟಕ ಇದ್ದದ್ದು ಗೊತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ 2012ರ ಬಿಕ್ಕಟ್ಟಿನ ನಂತರ ಆ ಘಟಕಕ್ಕೆ ಬರುವ ಕಸ ಏರಿತು, ಅದೂ ಬೆರಕೆ ಕಸ. ಬೆರಕೆ ಕಸದಿಂದ ಒಳ್ಳೆಯ ಗೊಬ್ಬರ ಆಗುವುದಿಲ್ಲ. ಆಗುವುದು ನಾತ ಮತ್ತು ಕಪ್ಪು ರಸ. ರಾತ್ರಿ ಕಿಟಕಿ ತೆರೆಯಲಾಗದೆ ಮಕ್ಕಳನ್ನು ಮಲಗಿಸಿದ ತಾಯಂದಿರ ದೂರನ್ನು ಸ್ವಾರ್ಥ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಅದೇ ಎಚ್‌ಎಸ್‌ಆರ್ ಬಡಾವಣೆಯ ನಾಗರಿಕರೇ ಮುಂದೆ ನಿಂತು ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಕಟ್ಟಿದರು. ಅಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಬಗೆಬಗೆಯ ವಿಧಾನಗಳನ್ನು ಯಾರು ಬೇಕಾದರೂ ಹೋಗಿ ನೋಡಿ ಕಲಿಯಬಹುದು. ಅದು ಇರುವುದೂ ಮನೆಗಳ ಮಧ್ಯದಲ್ಲೇ. ಕಸದ ಕೆಲಸವನ್ನು ಆ ಜನ ಬೇಡವೆಂದಿರಲಿಲ್ಲ. ಕೆಟ್ಟದಾಗಿ ಮಾಡುವುದು ಬೇಡವೆಂದರು.

ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಸುಬ್ಬರಾಯನಪಾಳ್ಯ, ಚಿಕ್ಕನಾಗಮಂಗಲಗಳಲ್ಲಿ ಪಾಲಿಕೆ ಕಟ್ಟಿಸಿದ ಸಂಸ್ಕರಣಾ ಘಟಕಗಳಲ್ಲೂ ಇದೇ ಪಾಡು. ಕಟ್ಟುವಾಗ ‘ವಾಸನೆಯೇ ಬರುವುದಿಲ್ಲ’ ಎಂದರು. ನಡೆಸುವಾಗ ಬಂದದ್ದನ್ನೆಲ್ಲ ತುಂಬಿದರು. ಜನ ನಂಬಿಕೆ ಕಳೆದುಕೊಂಡರು, ಒಂದೊಂದು ಕಡೆಯೂ ಧರಣಿ, ದೂರು. ಕರಾವಳಿಯಲ್ಲಿ ಇದಕ್ಕಿಂತ ಘೋರವಾದದ್ದು ನಡೆದಿದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡೆ ಜರಿದು, ಕೆಳಗಿನ ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಹರಿದುಬಂತು. ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಟವು. ನಗರದವರು ಬೇರ್ಪಡಿಸದೆ ಕಳಿಸಿದ್ದರ ಬೆಲೆಯನ್ನು ಯಾರೋ ಕೃಷಿಕರು ತೆತ್ತರು.

ವರ್ಗಾವಣಾ ಕೇಂದ್ರದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಜನರಿಗೆ ಅದರ ಮೇಲೆ ಇನ್ನೂ ಹೆಚ್ಚು ಅನುಮಾನ. ಒಂದು ಆಟೋ ಟಿಪ್ಪರ್‌ಗೆ ಸುಮಾರು 750 ಮನೆ ಎಂಬುದು ಪಾಲಿಕೆಯ ಲೆಕ್ಕ. ಅದು ಹೊರುವುದು ಟನ್ನಿಗಿಂತ ಕಡಿಮೆ. ಅಷ್ಟನ್ನು ಹೊತ್ತು ಊರಾಚೆಯ ಘಟಕಕ್ಕೆ ಹೋಗಿ ಬರುವುದರಲ್ಲಿ ಅದರ ದಿನ ಮುಗಿಯುತ್ತದೆ. ಅದಕ್ಕೇ ಟಿಪ್ಪರ್‌ನಿಂದ ದೊಡ್ಡ ಕಾಂಪ್ಯಾಕ್ಟರ್‌ಗೆ ಕಸ ವರ್ಗಾಯಿಸುತ್ತಾರೆ. ಇದನ್ನು ನಾವು ಬಹುಕಾಲ ಮಾಡಿಕೊಂಡು ಬಂದಿರುವುದು ನಡುರಸ್ತೆಯಲ್ಲಿ: ಶಾಲೆಯ ಕಾಂಪೌಂಡಿನ ಪಕ್ಕ, ಬಸ್ ನಿಲ್ದಾಣದ ಹಿಂದೆ, ಆಟದ ಮೈದಾನದ ಮೂಲೆಯಲ್ಲಿ. ಕಾಂಪ್ಯಾಕ್ಟರ್ ಹಸಿ ಕಸವನ್ನು ಹಿಂಡುತ್ತದೆ, ಹಿಂಡಿದ ರಸ ಡಾಂಬರಿಗೆ ಸುರಿಯುತ್ತದೆ, ಹಿಂದೆ ಬರುವ ಸ್ಕೂಟರ್ ಜಾರುತ್ತದೆ. ಪೌರಕಾರ್ಮಿಕರು ಆ ರಸದಲ್ಲೇ ನಿಂತು ಕೆಲಸ ಮಾಡುತ್ತಾರೆ. ಛಾವಣಿ, ಗೋಡೆ, ರಸ ಹಿಡಿಯುವ ತೊಟ್ಟಿ ಇರುವ ವರ್ಗಾವಣಾ ಕೇಂದ್ರ ಬೇಡ ಎಂದು ತಡೆದ ಬಡಾವಣೆಗೆ ಉಳಿಯುವುದು ಇದೇ ಬಯಲು ವರ್ಗಾವಣೆ. ಕೇಂದ್ರ ಬಾರದಿದ್ದರೂ ವರ್ಗಾವಣೆ ಅಲ್ಲಿ ನಡೆಯುತ್ತಲೇ ಇರುತ್ತದೆ.

ಇಂದೋರ್‌ನಲ್ಲಿ ನಗರದ ಬೇರೆ ಬೇರೆ ದಿಕ್ಕಿಗೆ ಸುಮಾರು 10 ವರ್ಗಾವಣಾ ಕೇಂದ್ರಗಳಿವೆ. ಗಾಡಿಗಳು ಇಳಿಜಾರು ಹತ್ತಿ ಮುಚ್ಚಿದ ಕಟ್ಟಡದೊಳಗೆ ಹೋಗುತ್ತವೆ. ಹಸಿ ಕಸ, ಒಣ ಕಸ ಬೇರೆ ಬೇರೆ ಬಾಯಿಗೆ ಬೀಳುತ್ತದೆ. ಕೆಳಗಿನ ಮುಚ್ಚಿದ ಕಂಟೇನರ್‌ನಲ್ಲಿ ಅದನ್ನು ಒತ್ತುತ್ತಾರೆ. ತುಂಬಿದ ಕಂಟೇನರನ್ನು ಕೊಕ್ಕೆಯ ಲಾರಿ ಎತ್ತಿಕೊಂಡು ಹೋಗುತ್ತದೆ. ಕಸ ನೆಲಕ್ಕೆ ಬೀಳುವ ಪ್ರಮೇಯವೇ ಇಲ್ಲದ ಹಾಗೆ ಆ ವ್ಯವಸ್ಥೆಯನ್ನು ಜೋಡಿಸಲಾಗಿದೆ. ಅಲ್ಲಿ ಗೆದ್ದದ್ದು ಯಂತ್ರ ಮಾತ್ರ ಅಲ್ಲ, ಗಾಡಿಗೆ ಹಾಕುವಾಗಲೇ ಮನೆಯವರು ಬೇರ್ಪಡಿಸಿದ್ದು. ನಮ್ಮ ರಾಜ್ಯದಲ್ಲೂ ಕಲಿಯಲು ಜಾಗಗಳಿವೆ. ದಕ್ಷಿಣ ಕನ್ನಡದ ತೆಂಕ ಎಡಪದವು, ಕಾರ್ಕಳ ತಾಲ್ಲೂಕಿನ ನಿಟ್ಟೆಗಳಲ್ಲಿ ದಿನಕ್ಕೆ 10 ಟನ್ ಒಣ ಕಸ ಬೇರ್ಪಡಿಸುವ ಘಟಕಗಳು ಹಲವಾರು ಗ್ರಾಮ ಪಂಚಾಯಿತಿಗಳ ಕಸ ತೆಗೆದುಕೊಳ್ಳುತ್ತವೆ. ಪಂಚಾಯಿತಿಯ ಸಣ್ಣ ಘಟಕದಲ್ಲಿ ಮೊದಲ ಸುತ್ತು, ದೊಡ್ಡ ಘಟಕದ ಬೆಲ್ಟಿನ ಮೇಲೆ ಎರಡನೇ ಸುತ್ತು. ಸಣ್ಣದನ್ನು ಮುಚ್ಚಿ ದೊಡ್ಡದನ್ನು ಕಟ್ಟಲಿಲ್ಲ ಎಂಬುದನ್ನು ನಗರದ ಎಂಜಿನಿಯರುಗಳು ಗಮನಿಸಬೇಕು. ವಾರ್ಡಿನ ಕೇಂದ್ರಗಳನ್ನೆಲ್ಲ ಒಟ್ಟುಗೂಡಿಸಿ ಊರಾಚೆ ಒಂದೇ ಬೃಹತ್ ಕಾರ್ಖಾನೆ ಮಾಡುವ ಆಸೆ ಆಗಾಗ ಮೇಲೇಳುತ್ತದೆ. ಅದು ಮತ್ತೊಂದು ಮಂಡೂರಿನ ದಾರಿ.

ಹಾಗಾದರೆ ಎಂಥ ವಿಸ್ತರಣೆಗೆ ಬಡಾವಣೆ ಹೂಂ ಅನ್ನಬೇಕು? ಎಲ್ಲಕ್ಕಿಂತ ಮೊದಲು, ಆ ಕೇಂದ್ರಕ್ಕೆ ಯಾವ ಕಸ, ಎಷ್ಟು, ಯಾವ ವಾರ್ಡುಗಳಿಂದ ಬರುತ್ತದೆ ಎಂಬುದು ಲಿಖಿತವಾಗಿ ಇರಬೇಕು, ಗೇಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿರಬೇಕು. ಕೂಡ್ಲಿನಲ್ಲಿ ಮುರಿದದ್ದು ಈ ಮಾತೇ. ಮಿತಿ ಮೀರಿ ಬಂದ ಗಾಡಿಯನ್ನು ವಾಪಸು ಕಳಿಸುವ ಅಧಿಕಾರ ಕೇಂದ್ರ ನಡೆಸುವವರಿಗೆ ಇರಬೇಕು. ಇಂದು ಅವರಿಗೆ ಆ ಧೈರ್ಯ ಇಲ್ಲ, ಕಳಿಸಿದರೆ ನಾಳೆ ಒಪ್ಪಂದ ಹೋದೀತೆಂಬ ಭಯ. ಬೆರಕೆ ಕಸ ಒಣ ಕಸದ ಶೆಡ್ಡಿಗೆ ಕಾಲಿಡಬಾರದು. ನೆಲಕ್ಕೆ ಕಾಂಕ್ರೀಟು, ರಸ ಹರಿದು ಸೇರುವ ತೊಟ್ಟಿ, ಮಳೆ ನೀರಿಗೆ ಬೇರೆಯೇ ಚರಂಡಿ. ಎರಡೂ ನೀರು ಸೇರಿದರೆ ಕೆರೆ ಕೆಟ್ಟಂತೆ. ರಾಶಿಗಳ ನಡುವೆ ಬೆಂಕಿ ನಂದಿಸುವವರು ನುಗ್ಗುವಷ್ಟು ದಾರಿ ಬಿಟ್ಟಿರಬೇಕು. ಮೊಬೈಲ್ ಬ್ಯಾಟರಿಗಳು ಒಣ ಕಸದಲ್ಲಿ ಬರತೊಡಗಿದ ಮೇಲೆ ಈ ಅಪಾಯ ಹೆಚ್ಚಿದೆ, ಜಾಗದ ಕೊರತೆಯಲ್ಲಿ ಮೊದಲು ಮುಚ್ಚಿಹೋಗುವುದೂ ಈ ದಾರಿಯೇ.

ಹೆಂಗಸರಿಗೆ ಶೌಚಾಲಯ, ಕೈಕಾಲು ತೊಳೆಯಲು ನೀರು, ಊಟಕ್ಕೆ ಕೂರಲು ಕಸ ಇಲ್ಲದ ಒಂದು ಕೋಣೆ, ನಿಂತು ಕೆಲಸ ಮಾಡಲು ಸೊಂಟದೆತ್ತರದ ಮೇಜು. ಇವನ್ನು ನಕ್ಷೆಯಲ್ಲಿ ಕೊನೆಗೆ ಸೇರಿಸುತ್ತಾರೆ, ಹಣ ಕಡಿಮೆ ಬಿದ್ದಾಗ ಮೊದಲು ತೆಗೆಯುತ್ತಾರೆ. ದಿನವಿಡೀ ನೆಲದ ಮೇಲೆ ಬಗ್ಗಿ ಕೂತು ಇನ್ನೊಬ್ಬರ ಮನೆಯ ಡೈಪರ್ ಬಿಡಿಸಿ ತೆಗೆಯುವ ಕೆಲಸವನ್ನು ಒಂದು ಗಂಟೆ ಮಾಡಿದವರು ಯಾರೂ ಆ ಮೇಜನ್ನು ಅನವಶ್ಯಕ ಖರ್ಚು ಎನ್ನಲಾರರು. ನಡೆಸುವವರಿಗೆ ಒಪ್ಪಂದವೂ ಕೆಲವು ವರ್ಷಗಳ ಮಟ್ಟಿಗಾದರೂ ಗಟ್ಟಿಯಾಗಿರಬೇಕು. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರಿಗೆ ಬೇಲಿಂಗ್ ಯಂತ್ರಕ್ಕೆ ಯಾವ ಬ್ಯಾಂಕು ಸಾಲ ಕೊಡುತ್ತದೆ?

2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ. ವಾರ್ಡುಗಳ ಗಡಿ ಮತ್ತೆ ಬದಲಾಗಿದೆ. ಹಿಂದಿನ 198 ವಾರ್ಡುಗಳ ಲೆಕ್ಕದಲ್ಲಿ ಕಟ್ಟಿದ ಶೆಡ್ಡುಗಳು ಈಗ ಯಾರ ಪಾಲಿಗೆ ಬಂದಿವೆ, ಯಾವ ವಾರ್ಡಿಗೆ ಶೆಡ್ಡೇ ಇಲ್ಲ ಎಂದು ಪಟ್ಟಿ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮನೆಗಳಿಂದ ಕಸದ ಶುಲ್ಕ ಪಡೆಯುವುದೂ ಶುರುವಾಗಿದೆ. ದುಡ್ಡು ಕೊಡುವವರು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಪಾಲಿಕೆಯ ಖಾಲಿ ನಿವೇಶನಗಳು, ನೀರು ಬಾರದ ಹಳೆ ಪಂಪ್‌ಹೌಸುಗಳ ಅಂಗಳ, ಮೇಲ್ಸೇತುವೆಗಳ ಕೆಳಗಿನ ಬಳಸದ ನೆಲ ಎಲ್ಲೆಲ್ಲಿವೆ ಎಂಬುದು ಅಧಿಕಾರಿಗಳಿಗಿಂತ ಆ ಬೀದಿಯಲ್ಲಿ ವಾಕಿಂಗ್ ಹೋಗುವ ನಿವೃತ್ತರಿಗೆ ಚೆನ್ನಾಗಿ ಗೊತ್ತು.

ನಿಮ್ಮ ವಾರ್ಡಿನ ಒಣ ಕಸ ಕೇಂದ್ರ ಎಲ್ಲಿದೆ ಎಂದು ಈ ವಾರ ಹುಡುಕಿ, ಹೋಗಿ ನೋಡಿ. ಅಲ್ಲಿ ಕೂತವರ ಹತ್ತಿರ ಐದು ನಿಮಿಷ ಮಾತಾಡಿ, ಎಷ್ಟು ಜಾಗ ಸಾಲದು, ಏನು ಇಲ್ಲ ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ವಾರ್ಡ್ ಸಮಿತಿ ಸಭೆಯಲ್ಲಿ ವಿಸ್ತರಣೆಯ ಮಾತು ಬಂದಾಗ ‘ಬೇಡ’ ಎಂದು ಏಳುವ ಬದಲು ಆ ಚೀಟಿ ಹಿಡಿದು ಎದ್ದು ನಿಲ್ಲಿ. ನಿಮ್ಮ ಷರತ್ತುಗಳನ್ನು ಹೇಳಿ, ಅವು ನಡಾವಳಿಯಲ್ಲಿ ದಾಖಲಾಗುವವರೆಗೂ ಕೂರಬೇಡಿ. ದಾಖಲಾದ ಮೇಲೆ ಜಾಗಕ್ಕೆ ಒಪ್ಪಿಗೆ ಕೊಡಿ.